ಬಿಡೋಕೆ ಅರ್ಧ ಮನಸ್ಸಿದ್ದರೂ ಸಾಕು, ಹೊರಡಿ

ತುಮಕೂರಿನಲ್ಲಿ ನನ್ನದೊಂದು ಟೂ ವೀಲರ್ ಗ್ಯಾರೇಜು. ಕುಡಿತ ಬಿಟ್ಟವನು ಅಂತ ಗೊತ್ತಿರೋದರಿಂದ, ಗಾಡಿ ಸರ್ವಿಸಿಗೆ ಬಂದವರು ಸ್ಟೂಲ್ ಎಳೆದುಕೊಂಡು ಕೂತು, ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ: "ಬಿಡಬೇಕು ಅಣ್ಣ, ಮನಸ್ಸು ಗಟ್ಟಿ ಆಗ್ತಿಲ್ಲ." ಗಟ್ಟಿ ಆಗೋವರೆಗೆ ಕಾಯಬೇಡಿ. ನಾನು ಡಾಕ್ಟರ ಎದುರು ಕೂತು ಮೊದಲು ಹೇಳಿದ್ದೇ "ಪೂರ್ತಿ ಬಿಡೋಕೆ ಮನಸ್ಸಿಲ್ಲ ಸಾರ್" ಅಂತ. ಅವರು ಬೈಯಲಿಲ್ಲ, ಚೀಟಿಯಲ್ಲಿ ಬರೆದುಕೊಂಡರು.

ಭಯ ಯಾವುದರದ್ದು ಅಂತ ಬಿಡಿಬಿಡಿಯಾಗಿ ನೋಡಿ. ಬೆಳಿಗ್ಗೆ ಕೈ ನಡುಗಿ ಸ್ಪ್ಯಾನರ್ ನಿಲ್ಲಲ್ಲ. ನಿದ್ದೆ ಬರಲ್ಲ. ಅಡ್ಮಿಟ್ ಆದರೆ ಅಷ್ಟು ದಿನದ ದುಡಿಮೆ ಹೋಗುತ್ತೆ. ಬೀಗರೂಟದ ದಿನ ಗೆಳೆಯರಿಗೆ ಏನು ಹೇಳೋದು. ಪ್ರತಿಯೊಂದಕ್ಕೂ ಬೇರೆ ಬೇರೆ ದಾರಿ ಇದೆ.

ನಡುಕದ ಭಯ ಸುಳ್ಳಲ್ಲ. ದಿನಾ ಕುಡಿಯೋರು, ಅದರಲ್ಲೂ ಎದ್ದ ಕೂಡಲೇ ಬೇಕೇ ಬೇಕು ಅನ್ನೋರು, ಹಠಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ, ನಾಲ್ಕನೇ ದಿನದವರೆಗೂ, ಕೆಲವರಿಗೆ ಹಗಲು ರಾತ್ರಿ ತಿಳಿಯಲ್ಲ, ಇಲ್ಲದ್ದು ಕಾಣುತ್ತೆ, ಪ್ರಾಣಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆ ಕೊಟ್ಟು ದಿನೇ ದಿನೇ ಡೋಸ್ ಇಳಿಸುತ್ತಾರೆ, ಜೊತೆಗೆ ಥಯಾಮಿನ್, ಅಂದರೆ ಬಿ1. ಊರಲ್ಲಿ ಕೇಳೋ ಭಯಂಕರ ಕಥೆಗಳಲ್ಲಿ ಬಹುಪಾಲು ಔಷಧಿ ಇಲ್ಲದೆ ಬಿಡಲು ಹೋದವರವು.

ಇನ್ನು ಎರಡು ಮನಸ್ಸಿನ ವಿಷಯ. "ಅಯ್ಯಪ್ಪನ ಮಾಲೆ ಹಾಕಿದ್ರೆ 41 ದಿನ ಮುಟ್ಟಲ್ಲ, ನಂಗೇನು ಚಟ?" ಅಂತಾರೆ. ಮಾಲೆ ತೆಗೆದ ರಾತ್ರಿ ಎಲ್ಲಿದ್ದೆ ಅಂತ ಕೇಳಿದರೆ ನಗುತ್ತಾರೆ. ಆದರೂ ಮಾಲೆಯಲ್ಲಿ ಒಂದು ಉಪಾಯ ಇದೆ: ಮುಗಿಯೋ ದಿನ ಗೊತ್ತಿರುತ್ತೆ, ಎಲ್ಲರೂ "ಸ್ವಾಮಿ" ಅಂತಾರೆ, ಯಾರೂ ಗ್ಲಾಸ್ ಮುಂದಿಡಲ್ಲ. ಬಿಡೋಕೂ ಹಾಗೇ ಮಾಡಿ. "ಜೀವಮಾನ ಪೂರ್ತಿ" ಅನ್ನಬೇಡಿ, ಮುಂದಿನ ಡಾಕ್ಟರ್ ಭೇಟಿವರೆಗೆ ಅನ್ನಿ, ಜೊತೆಗಾರರಿಗೆ ಮೊದಲೇ "ಮಾತ್ರೆ ನಡೀತಿದೆ" ಅಂದುಬಿಡಿ. ಮಗುವಿನ ತಲೆ ಮುಟ್ಟಿ ಆಣೆ ಮಾತ್ರ ಮಾಡಬೇಡಿ. ಅದು ಮುರಿದ ದಿನ ನಾಚಿಕೆಗೇ ಇನ್ನೊಂದು ಕ್ವಾರ್ಟರ್ ಒಳಗೆ ಹೋಗುತ್ತೆ.

ಒಂದು ಹಾಳೆಯಲ್ಲಿ ಕುಡಿತ ಏನು ಕೊಡುತ್ತೆ ಅಂತ ಬರೆಯಿರಿ. ಕಳೆದದ್ದನ್ನು ಮನೆಯವರು ದಿನಾ ಓದಿ ಹೇಳ್ತಾರೆ, ಅದು ಬೇಡ. ನನ್ನ ಹಾಳೆಯಲ್ಲಿ "ಸೊಂಟನೋವು ಮರೆಯುತ್ತೆ" ಅಂತಿತ್ತು. ಡಾಕ್ಟರ್ ಅದನ್ನು ನೋಡಿ ಮೂಳೆ ವಿಭಾಗಕ್ಕೆ ಬರೆದುಕೊಟ್ಟರು. ಕುಡಿಯೋ ಕಾರಣಗಳಲ್ಲಿ ಒಂದಕ್ಕೆ ಹಾಗೆ ಬೇರೆ ಮದ್ದು ಸಿಕ್ಕಿತು.

ಮನೆಯವರಿಗೆ ಒಂದು ಮಾತು: ಗೊತ್ತಾಗದ ಹಾಗೆ ಸಾರಿಗೆ ಕುಡಿತ ಬಿಡಿಸೋ ಪುಡಿ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಅನ್ನೋ ಔಷಧಿ ಇದ್ದರೆ, ಅದರ ಮೇಲೆ ಕುಡಿದಾಗ ವಾಂತಿ, ಎದೆ ಬಡಿತ, ಬಿಪಿ ಕುಸಿತ, ಸಾವೂ ಆಗಬಹುದು.

ಎಲ್ಲಿಂದ ಶುರು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರು ಹತ್ತಿರ ಅನ್ನೋರಿಗೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಡಾಕ್ಟರಿಗೆ ದಿನಕ್ಕೆ ಎಷ್ಟು ಕ್ವಾರ್ಟರ್, ಬೆಳಿಗ್ಗೆ ಮೊದಲ ಗುಟುಕು ಎಷ್ಟು ಹೊತ್ತಿಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇವನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಎರಡು ಕ್ವಾರ್ಟರ್ ಕುಡಿದು ಒಂದು ಅಂದರೆ ಮಾತ್ರೆಯ ಡೋಸ್ ಸಾಲದೆ ಹೋಗುತ್ತೆ.