ಮಸುಕಾಗಿದ್ದ ಪೋರ್ಟ್ ಮೆನು

ಮೂರು ದಿನ ನಾನು ನೋಡಿದ್ದು ಒಂದೇ. ಆರ್ಡುಯಿನೊ ಅನ್ನುವುದು ಕೋಡ್ ತುಂಬಿ ಕೆಲಸ ಮಾಡಿಸುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡ್, ಕಂಪ್ಯೂಟರಿನಲ್ಲಿ ಆ ಕೋಡ್ ಬರೆದು ಕಳಿಸುವ ಪ್ರೋಗ್ರಾಂ ಐಡಿಇ. ಅದರ ಟೂಲ್ಸ್ ಮೆನುವಿನಲ್ಲಿ, ಬೋರ್ಡ್ ಯಾವ ದಾರಿಯಲ್ಲಿ ಸೇರಿದೆ ಅಂತ ಆರಿಸುವ ‘ಪೋರ್ಟ್’ ಅನ್ನುವ ಪದ ಮಸುಕಾಗಿ ಕೂತಿತ್ತು. ಎಷ್ಟು ಒತ್ತಿದರೂ ತೆರೆಯುತ್ತಿರಲಿಲ್ಲ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳು ತರುತ್ತೇವೆ, ಗೂಡು ಕಟ್ಟುವವರೆಗೆ ನೋಡಿಕೊಳ್ಳುತ್ತೇವೆ. ದೊಡ್ಡ ಹುಳುವಿಗೆ 24ರಿಂದ 26 ಡಿಗ್ರಿ, ತೇವಾಂಶ ನೂರಕ್ಕೆ 70ರ ಆಸುಪಾಸು ಇದ್ದರೆ ಚೆನ್ನ. ಏಪ್ರಿಲ್‌ನಲ್ಲಿ ಅದು ಎಲ್ಲಿಂದ ಬರಬೇಕು? ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತೇವೆ. ಒಣಗಿತಾ ಅಂತ ರಾತ್ರಿ ಎದ್ದು ನೋಡುವುದು ಅಪ್ಪನ ಪಾಲು. ಆ ಓಡಾಟ ತಪ್ಪಿಸೋಣ ಅಂತ ಒಂದು ಆರ್ಡುಯಿನೊ ನ್ಯಾನೋ ನಕಲು ಬೋರ್ಡ್, ಶಾಖ, ತೇವಾಂಶ ಅಳೆಯುವ ಡಿಎಚ್‌ಟಿ22 ಸೆನ್ಸರ್, ಮೆಸೇಜ್ ಕಳಿಸಲು ಒಂದು ಜಿಎಸ್‌ಎಂ ಮಾಡ್ಯೂಲ್ ತಂದೆ. ಲ್ಯಾಪ್‌ಟಾಪ್ ಹಳೆಯದು, ಅದರಲ್ಲಿ ಉಬುಂಟು 22.04 ಅನ್ನುವ ಲಿನಕ್ಸ್ ಇತ್ತು.

ಬೋರ್ಡ್‌ಗೆ ಕೇಬಲ್ ಚುಚ್ಚಿದರೆ ಕೆಂಪು ಲೈಟ್ ಹತ್ತಿತು. ಲೈಟ್ ಹತ್ತಿದ ಮೇಲೆ ಕೇಬಲ್ ಸರಿಯಿದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡೆ. ಆದರೆ ಯುಎಸ್‌ಬಿಯಲ್ಲಿ ಕರೆಂಟಿಗೆ ಎರಡು ತಂತಿ, ಮಾತಿಗೆ ಬೇರೆ ಎರಡು ತಂತಿ. ನನ್ನದು ರೀಚಾರ್ಜ್ ಟಾರ್ಚ್ ಜೊತೆ ಬಂದ ಟೈಪ್-ಸಿ ಕೇಬಲ್. ಅದರಲ್ಲಿ ಕರೆಂಟಿನ ಎರಡೇ ತಂತಿ ಇದ್ದವು. ಇದು ಗೊತ್ತಾಗದೆ ಮೊದಲ ದಿನವೆಲ್ಲ ಐಡಿಇ ಅಳಿಸಿ ಮತ್ತೆ ಹಾಕುವುದರಲ್ಲೇ ಹೋಯಿತು.

ಎರಡನೇ ದಿನ ಫೋನಿನ ಕೇಬಲ್ ಹಾಕಿದೆ. ಆಗಲೂ ಪೋರ್ಟ್ ಮಸುಕೇ. ಹಾಗಾದರೆ ಕೇಬಲ್ ತಪ್ಪಲ್ಲ ಅಂತ ತೀರ್ಮಾನ ಮಾಡಿದೆ. ನಾನು ಎಡವಿದ್ದು ಇಲ್ಲೇ. ತೊಂದರೆ ಒಂದಲ್ಲ, ಎರಡಿತ್ತು. ಒಂದನ್ನು ಸರಿ ಮಾಡಿದರೆ ಇನ್ನೊಂದು ಅಡ್ಡ ನಿಲ್ಲುತ್ತಿತ್ತು. ಮೆನುವಿನಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು.

ಸಂಜೆ ಅಪ್ಪ ಸೊಪ್ಪು ಹಾಕಿ ಬಂದವರು ಬಾಗಿಲಲ್ಲೇ ನಿಂತು, ‘ಏನೋ, ಹುಳ ಜ್ವರದಿಂದ ಎದ್ದು ಮೇಯ್ತಾ ಇದಾವೆ. ನಿನ್ನ ಮಿಷಿನ್ ಇನ್ನೂ ಎದ್ದಿಲ್ವಾ?’ ಅಂದರು.

ಮೂರನೇ ದಿನ ಮೆನು ನೋಡುವುದು ಬಿಟ್ಟು, ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದೆ. ಲಿನಕ್ಸ್‌ನಲ್ಲಿ ‘ಡಿಮೆಸ್ಜ್’ ಅನ್ನುವ ಕಮಾಂಡ್ ಇದೆ. ಯಾವ ಯಂತ್ರ ಬಂತು, ಯಾವುದು ಹೋಯಿತು ಅಂತ ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ದಿನಚರಿಯನ್ನು ಅದು ತೋರಿಸುತ್ತದೆ. ಟಾರ್ಚ್ ಕೇಬಲ್ ಚುಚ್ಚಿದಾಗ ಅದರಲ್ಲಿ ಒಂದು ಸಾಲೂ ಇಲ್ಲ. ಫೋನಿನ ಕೇಬಲ್ ಚುಚ್ಚಿದಾಗ ಸಾಲುಗಳು ಬಂದವು. ಬೋರ್ಡಿನಲ್ಲಿ ಯುಎಸ್‌ಬಿ ಮಾತು ನೋಡಿಕೊಳ್ಳುವ ಸಿಎಚ್340 ಚಿಪ್ ಸಿಕ್ಕಿತು, ‘ಟಿಟಿವೈ ಯುಎಸ್‌ಬಿ 0’ ಅನ್ನುವ ಪೋರ್ಟ್ ತಯಾರಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ‘ಬಿಆರ್‌ಎಲ್‌ಟಿಟಿವೈ’ ಅನ್ನುವ ಇನ್ಯಾವುದೋ ಪ್ರೋಗ್ರಾಂ ಬಂದು ಅದನ್ನು ಕಿತ್ತುಕೊಂಡಿತು. ಪೋರ್ಟ್ ಮಾಯ.

ಆ ಪ್ರೋಗ್ರಾಂ ಕಣ್ಣು ಕಾಣದವರ ಬ್ರೈಲ್ ಯಂತ್ರಗಳಿಗಾಗಿ ಇರುವುದು. ಒಂದು ಬ್ರೈಲ್ ಯಂತ್ರಕ್ಕೂ ನಮ್ಮ ಚಿಪ್‌ಗೂ ಯುಎಸ್‌ಬಿ ಗುರುತಿನ ಸಂಖ್ಯೆ ಒಂದೇ: 1ಎ86:7523. ಹಾಗಾಗಿ ನನ್ನ ನ್ಯಾನೋವನ್ನು ಅದು ಬ್ರೈಲ್ ಯಂತ್ರ ಅಂದುಕೊಂಡಿತ್ತು. ಕೋಪ ಬರುವ ಬದಲು ನಗು ಬಂತು. ನಮ್ಮನೆಯಲ್ಲಿ ಬ್ರೈಲ್ ಯಂತ್ರ ಇಲ್ಲದ ಕಾರಣ ಆ ಪ್ಯಾಕೇಜ್ ತೆಗೆದೇಬಿಟ್ಟೆ. ಅದು ಬೇಕಾದವರು ತೆಗೆಯಬಾರದು, ಚುಚ್ಚಿದ ಯಂತ್ರವನ್ನು ಏನು ಮಾಡಬೇಕು ಅಂತ ಹೇಳುವ ಯುಡೆವ್ ನಿಯಮಗಳಲ್ಲಿ ಆ ಸಂಖ್ಯೆಯ ಸಾಲನ್ನಷ್ಟೇ ನಿಲ್ಲಿಸಬೇಕು.

ಕೇಬಲ್ ಕಿತ್ತು ಮತ್ತೆ ಚುಚ್ಚಿದೆ. ಪೋರ್ಟ್ ಬಂತು! ಅಪ್‌ಲೋಡ್ ಒತ್ತಿದರೆ ‘ಪರ್ಮಿಷನ್ ಡಿನೈಡ್’. ಇದು ಚಿಕ್ಕ ವಿಷಯ. ನಮ್ಮ ಯೂಸರ್ ಹೆಸರನ್ನು ಪೋರ್ಟ್ ಬಳಸಲು ಅನುಮತಿ ಇರುವ ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬಂದರೆ ಆಯಿತು.

ಆಮೇಲೆ ಬಂದದ್ದು ‘ನಾಟ್ ಇನ್ ಸಿಂಕ್’. ಅಂದರೆ ಕಂಪ್ಯೂಟರ್ ಕರೆಯುತ್ತಿದೆ, ಬೋರ್ಡ್ ಓಗೊಡುತ್ತಿಲ್ಲ. ತಪ್ಪು ಯಾವ ಕಡೆ? ಅದಕ್ಕೊಂದು ಸುಲಭದ ಪರೀಕ್ಷೆ ಇದೆ, ನನಗೆ ಬಹಳ ಇಷ್ಟ. ಬೋರ್ಡಿಗೆ ಕಟ್ಟಿದ್ದೆಲ್ಲ ಬಿಚ್ಚಿ. ರಿಸೆಟ್ ಪಿನ್‌ನಿಂದ ಗ್ರೌಂಡ್‌ಗೆ ಒಂದು ವೈರ್ ಹಾಕಿ, ಆಗ ಮುಖ್ಯ ಚಿಪ್ ಸುಮ್ಮನಾಗುತ್ತದೆ. ಮಾತು ಕೇಳುವ ಆರ್‌ಎಕ್ಸ್, ಮಾತು ಕಳಿಸುವ ಟಿಎಕ್ಸ್ ಪಿನ್ ಎರಡನ್ನೂ ಇನ್ನೊಂದು ವೈರ್‌ನಿಂದ ಸೇರಿಸಿ. ಈಗ ಐಡಿಇಯಲ್ಲಿ ಬೋರ್ಡ್ ಜೊತೆ ಮಾತಾಡುವ ಕಿಟಕಿಯಾದ ಸೀರಿಯಲ್ ಮಾನಿಟರ್‌ನಲ್ಲಿ ಏನಾದರೂ ಟೈಪ್ ಮಾಡಿ ಕಳಿಸಿ. ಬಾವಿಯಲ್ಲಿ ಕೂಗಿದ ಹಾಗೆ ಅದೇ ಮಾತು ವಾಪಸ್ ಬಂದರೆ ಕೇಬಲ್, ಡ್ರೈವರ್, ಸಿಎಚ್340 ಮೂರೂ ಸರಿ ಇವೆ. ನನಗೆ ವಾಪಸ್ ಬಂತು.

ಉಳಿದದ್ದು ಬೂಟ್‌ಲೋಡರ್, ಅಂದರೆ ಕಂಪ್ಯೂಟರಿನಿಂದ ಬಂದ ಕೋಡನ್ನು ಬೋರ್ಡಿಗೆ ತುಂಬುವ ಪುಟ್ಟ ಪ್ರೋಗ್ರಾಂ. 2018ರಿಂದ ಅಸಲಿ ನ್ಯಾನೋಗಳಲ್ಲಿ ಹೊಸ ಬೂಟ್‌ಲೋಡರ್ ಬರುತ್ತಿದೆ, ಅದರ ಮಾತಿನ ವೇಗ ಸೆಕೆಂಡಿಗೆ 115200 ಬಿಟ್. ಹಳೆಯದು 57600ರಲ್ಲಿ ಮಾತಾಡುತ್ತದೆ. ನಕಲು ಬೋರ್ಡುಗಳಲ್ಲಿ ಹಳೆಯದೇ ಇರುವುದು ಜಾಸ್ತಿ. ಪ್ರೊಸೆಸರ್ ಮೆನುವಿನಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆರಿಸಿದೆ. ಅಪ್‌ಲೋಡ್ ಆಯಿತು.

ಖುಷಿಯಲ್ಲಿ ಜಿಎಸ್‌ಎಂ ಮಾಡ್ಯೂಲಿನ ವೈರ್ ವಾಪಸ್ ಹಾಕಿದೆ. ಮತ್ತೆ ‘ನಾಟ್ ಇನ್ ಸಿಂಕ್’. ಈ ಸಲ ತಪ್ಪು ಪೂರ್ತಿ ನನ್ನದೇ. ಮಾಡ್ಯೂಲನ್ನು 0 ಮತ್ತು 1ನೇ ಪಿನ್‌ಗೆ ಹಾಕಿದ್ದೆ. ಕಂಪ್ಯೂಟರ್ ಮಾತು ಬರುವ ದಾರಿಯೂ ಅವೇ ಪಿನ್‌ಗಳು. ಒಂದೇ ಬಾಗಿಲಲ್ಲಿ ಇಬ್ಬರು ತೂರಿದರೆ ಹೇಗೆ? ಮಾಡ್ಯೂಲನ್ನು 7 ಮತ್ತು 8ನೇ ಪಿನ್‌ಗೆ ಬದಲಿಸಿ, ಕೋಡ್‌ನಲ್ಲಿ, ಬೇರೆ ಪಿನ್‌ಗಳಲ್ಲೂ ಮಾತಾಡಿಸುವ ಸಾಫ್ಟ್‌ವೇರ್ ಸೀರಿಯಲ್ ಹಾಕಿದೆ. ಆಮೇಲೆ ಸೀರಿಯಲ್ ಮಾನಿಟರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳು ಬಂದವು. ಕೋಡ್‌ನಲ್ಲಿ ವೇಗ 9600 ಇತ್ತು, ಮಾನಿಟರ್‌ನಲ್ಲಿ 115200. ಅದನ್ನು ಒಂದು ನಿಮಿಷದಲ್ಲಿ ಸರಿ ಮಾಡಿದೆ.

ಈಗ ಬೋರ್ಡ್ ಹುಳು ಮನೆಯ ಗೋಡೆ ಮೇಲಿದೆ. ತೇವಾಂಶ 65ಕ್ಕಿಂತ ಕೆಳಗೆ ಹೋದರೆ ಅಪ್ಪನ ಫೋನಿಗೆ ಮೆಸೇಜ್ ಬರುತ್ತದೆ. ಟಾರ್ಚ್ ಕೇಬಲ್‌ಗೆ ಕೆಂಪು ದಾರ ಕಟ್ಟಿ ಟಾರ್ಚ್ ಜೊತೆಗೇ ಇಟ್ಟಿದ್ದೇನೆ.

ಒಂದು ಕಿರಿಕಿರಿ ಮಾತ್ರ ಉಳಿದಿತ್ತು. ಲ್ಯಾಪ್‌ಟಾಪ್ ಜೋಡಿಸಿ ಮಾನಿಟರ್ ತೆರೆದಾಗಲೆಲ್ಲ ಬೋರ್ಡ್ ರಿಸೆಟ್ ಆಗಿ, ದಿನದ ಗರಿಷ್ಠ, ಕನಿಷ್ಠ ಲೆಕ್ಕ ಅಳಿಸಿಹೋಗುತ್ತಿತ್ತು. ಪೋರ್ಟ್ ತೆರೆದ ಕೂಡಲೇ ಬೋರ್ಡ್ ರಿಸೆಟ್ ಆಗುವಂತೆ ಮಾಡಿರುವುದೇ ಹಾಗೆ, ಅಪ್‌ಲೋಡ್ ಸುಲಭವಾಗಲಿ ಅಂತ. ರಿಸೆಟ್‌ಗೂ ಗ್ರೌಂಡ್‌ಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ನಿಂತಿತು. ಹದಿನೈದು ದಿನದ ಮೇಲೆ ಕೋಡ್ ತಿದ್ದಿ ಅಪ್‌ಲೋಡ್ ಒತ್ತಿದೆ. ‘ನಾಟ್ ಇನ್ ಸಿಂಕ್’. ಕೇಬಲ್ ನೋಡಿದೆ, ಡಿಮೆಸ್ಜ್ ನೋಡಿದೆ, ಎಲ್ಲ ಸರಿ. ಆಮೇಲೆ ಕೆಪಾಸಿಟರ್ ಕಣ್ಣಿಗೆ ಬಿತ್ತು. ಕಿತ್ತು ಜೇಬಿಗೆ ಹಾಕಿಕೊಂಡು ಮತ್ತೆ ಒತ್ತಿದೆ.