ಬೇಸ್‌ಮೆಂಟಿನ ಬ್ಯಾಡಗಿ ಗಿಡಕ್ಕೆ ಹಗಲೆಷ್ಟು ಬಿಸಿ, ಇರುಳೆಷ್ಟು ತಂಪು

ಕೆನಡಾದ ಮಿಸ್ಸಿಸಾಗಾದಲ್ಲಿ ಜನವರಿ ತಿಂಗಳಿನಲ್ಲಿ ಮೆಣಸಿನಕಾಯಿ ಬೆಳೆಯಬೇಕೆಂದರೆ ಬೇಸ್‌ಮೆಂಟೇ ಗತಿ. ಗಿಡ ಬೆಳೆಸುವ ಬಟ್ಟೆಯ ಟೆಂಟ್, ಎಲ್‌ಇಡಿ ಲೈಟು, ಟೈಮರ್, ಫ್ಯಾನು ಎಲ್ಲ ತಂದಿಟ್ಟುಕೊಂಡವರು ನನ್ನನ್ನು ಕೇಳುವುದು ಗೊಬ್ಬರದ ಬಗ್ಗೆ. ನಾನು ತಿರುಗಿ ಕೇಳುವುದು ಒಂದೇ: ಲೈಟು ಆರಿದ ಮೇಲೆ ಟೆಂಟಿನೊಳಗೆ ಎಷ್ಟು ಡಿಗ್ರಿ ಇರುತ್ತದೆ? ಯಾರೂ ನೋಡಿರುವುದಿಲ್ಲ. ಹೂ ಉದುರುತ್ತಿದ್ದರೆ ಮೊದಲು ಹುಡುಕಬೇಕಾದ್ದು ಅಲ್ಲೇ.

ನಾನು ಹಾವೇರಿ ಕಡೆಯವಳು, ಬೆಳೆಯುವುದು ಬ್ಯಾಡಗಿ ಕಡ್ಡಿ, ಜೊತೆಗೆ ಒಂದೆರಡು ಟೊಮೆಟೊ. (ಬ್ಯಾಡಗಿಯ ಇನ್ನೊಂದು ತಳಿ ಡಬ್ಬಿ ಯಾಕಲ್ಲ ಎಂದು ಅಕ್ಕ ಫೋನಿನಲ್ಲಿ ಕೇಳುತ್ತಲೇ ಇರುತ್ತಾಳೆ. ನನಗೆ ಕಡ್ಡಿ ಇಷ್ಟ, ಅಷ್ಟೇ.) ನಮ್ಮ ಕಡೆ ಮಳೆಗಾಲದಲ್ಲಿ ಸಸಿ ನೆಟ್ಟರೆ ಚಳಿಗಾಲದಲ್ಲಿ ಹಣ್ಣು ಬಿಡಿಸುತ್ತಾರೆ. ಆಗ ಮಧ್ಯಾಹ್ನ ತಲೆಗೆ ಸೆರಗು ಬೇಕು, ಬೆಳಗಿನ ಜಾವ ಕಂಬಳಿ ಬೇಕು. ಟೆಂಟಿನೊಳಗೂ ಅಂಥದೇ ಒಂದು ಏರಿಳಿತ ಬೇಕು, ಆದರೆ ಅಳತೆಯಲ್ಲಿ.

ಅಳತೆ ಇದು. ಬೀಜ ಮೊಳೆಯುವಾಗ ಮಣ್ಣು 25ರಿಂದ 30 ಡಿಗ್ರಿ, ಹಗಲೂ ಇರುಳೂ ಒಂದೇ. ಹೂ ಬಿಡುವ ಮೆಣಸಿನ ಗಿಡಕ್ಕೆ ಹಗಲು 24ರಿಂದ 27, ಇರುಳು 17ರಿಂದ 20. ಇರುಳು 24 ದಾಟಿದರೆ ಹೂ ಉದುರುತ್ತದೆ. 15ಕ್ಕಿಂತ ಇಳಿದರೂ ಉದುರುತ್ತದೆ, ಇಲ್ಲವೇ ಬೀಜವಿಲ್ಲದ ಸೊಟ್ಟ ಕಾಯಿ ಕಟ್ಟುತ್ತದೆ. ಟೊಮೆಟೊ ಚಳಿಯನ್ನು ಸ್ವಲ್ಪ ಹೆಚ್ಚು ತಾಳುತ್ತದೆ, ಇರುಳು 13ರವರೆಗೆ. ಹಗಲು 32 ದಾಟುವುದು ಎರಡಕ್ಕೂ ಬೇಡ. ಹಗಲು–ಇರುಳಿನ ಅಂತರ ಐದಾರು ಡಿಗ್ರಿ ಇದ್ದರೆ ಚೆನ್ನ. ಹತ್ತು ದಾಟಿದರೆ ತೊಂದರೆ ಶುರು.

ಇರುಳು ತಂಪಾಗಿ ಯಾಕಿರಬೇಕು? ಗಿಡ ಹಗಲು ಮಾಡಿಟ್ಟ ಸಕ್ಕರೆಯನ್ನು ಇರುಳು ಉಸಿರಾಡುತ್ತಾ ಖರ್ಚು ಮಾಡುತ್ತದೆ. 10 ಡಿಗ್ರಿ ಬಿಸಿ ಹೆಚ್ಚಾದರೆ ಆ ಖರ್ಚು ಸುಮಾರು ಎರಡರಷ್ಟಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ ಟೊಮೆಟೊ ಗಿಡಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ, ಇರುಳು ಹಗಲಿಗಿಂತ ತಂಪಾಗಿದ್ದರೆ ಅವು ಚೆನ್ನಾಗಿ ಬೆಳೆಯುತ್ತವೆ ಎಂದು 1944ರಲ್ಲೇ ಬರೆದಿದ್ದಾರೆ.

ಈಗ ಗಡಿಯಾರದ ವಿಷಯ. ಲೈಟನ್ನು ಹಗಲೇ ಉರಿಸಬೇಕು ಎಂದು ಯಾರು ಹೇಳಿದರು? ಕಿಟಕಿಯಿಲ್ಲದ ಬೇಸ್‌ಮೆಂಟಿನಲ್ಲಿ ಹಗಲು ಎಂದರೆ ನಾವು ಹೇಳಿದ್ದು. ನಮ್ಮಲ್ಲಿ ಮನೆ ಬಿಸಿಮಾಡುವ ಫರ್ನೇಸಿನ ಥರ್ಮೋಸ್ಟಾಟ್ ಮನೆಯವರ ಇಲಾಖೆ. ಹಗಲು 21, ಮಲಗುವ ಹೊತ್ತಿಗೆ 18. ಬೇಸ್‌ಮೆಂಟ್ ಅದಕ್ಕಿಂತ ಎರಡು ಡಿಗ್ರಿ ಕಡಿಮೆಯೇ ಇರುತ್ತದೆ, ಮಧ್ಯಾಹ್ನ 19, ನಡುರಾತ್ರಿ 16. ನನ್ನ ಲೈಟು ಟೆಂಟಿನ ಬಿಸಿಯನ್ನು ಎಂಟು ಡಿಗ್ರಿ ಏರಿಸುತ್ತದೆ. ಹಗಲು ಉರಿಸಿದರೆ 27, ರಾತ್ರಿ ಆರಿಸಿದರೆ 16, ಅಂತರ ಹನ್ನೊಂದು. ಅದೇ ಲೈಟನ್ನು ರಾತ್ರಿ ಉರಿಸಿದರೆ 24, ಮಧ್ಯಾಹ್ನ ಆರಿಸಿದರೆ 19, ಅಂತರ ಐದು. ಬೇರೆ ಹೀಟರ್ ಬೇಕಿಲ್ಲ.

ಹಾಗಾಗಿ ನನ್ನ ಟೈಮರ್ ರಾತ್ರಿ 9ಕ್ಕೆ ಹೊತ್ತಿಸಿ ಮಧ್ಯಾಹ್ನ 1ಕ್ಕೆ ಆರಿಸುತ್ತದೆ, ಹದಿನಾರು ಗಂಟೆ ಬೆಳಕು. ನಮ್ಮ ಪ್ರಾಂತ್ಯ ಒಂಟಾರಿಯೊದಲ್ಲಿ 2023ರಿಂದ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಕರೆಂಟು ತೀರಾ ಅಗ್ಗವಾಗಿರುವ ಯೋಜನೆಯೊಂದಿದೆ. ಅದರಲ್ಲಿ ವಾರದ ದಿನಗಳ ಸಂಜೆ 4ರಿಂದ 9 ದುಬಾರಿ ಹೊತ್ತು, ಆಗ ನನ್ನ ಗಿಡಗಳು ಕತ್ತಲಲ್ಲಿ ನಿದ್ದೆ ಮಾಡುತ್ತಿರುತ್ತವೆ. ಅಗ್ಗವೆಂದು ಇಪ್ಪತ್ತನಾಲ್ಕು ಗಂಟೆ ಉರಿಸಲು ಹೋಗಬೇಡಿ. ಬಿಡುವಿಲ್ಲದ ಬೆಳಕಿಗೆ ಟೊಮೆಟೊ ಎಲೆ ಬಿಳಚಿಕೊಳ್ಳುತ್ತದೆ.

ಥರ್ಮಾಮೀಟರನ್ನು ಗಿಡದ ತುದಿಯ ಎತ್ತರಕ್ಕೆ ತೂಗುಹಾಕಿ, ಲೈಟು ನೇರ ಬೀಳದಂತೆ ಮೇಲೊಂದು ರಟ್ಟಿನ ಮರೆ ಮಾಡಿ. ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ನೆನಪಿಟ್ಟುಕೊಳ್ಳುವ, ತೇವಾಂಶವನ್ನೂ ತೋರಿಸುವ ಅಗ್ಗದ ಡಿಜಿಟಲ್ ಮೀಟರ್ ಸಾಕು.

ತೇವಾಂಶ ನೋಡದೆ ಬಿಸಿಯನ್ನಷ್ಟೇ ನೋಡಿದರೆ ಅರ್ಧ ಕೆಲಸ. ಟೆಂಟಿನಲ್ಲಿ 24 ಡಿಗ್ರಿ, ಶೇ 65 ತೇವಾಂಶ ಇದೆ ಅನ್ನಿ. ನೀರಿನ ಆವಿ ಅಷ್ಟೇ ಇದ್ದು ಬಿಸಿ 20ಕ್ಕೆ ಇಳಿದರೆ ತೇವಾಂಶ ಶೇ 83 ಆಗುತ್ತದೆ. 17ಕ್ಕೆ ಇಳಿದರೆ ಇಬ್ಬನಿಯೇ ಕಟ್ಟುತ್ತದೆ, ಎಲೆ ಮೇಲೆ, ಹೂವಿನೊಳಗೆ, ಟೆಂಟಿನ ಗೋಡೆ ಮೇಲೆ. ಬೂಷ್ಟು ಹಿಡಿಯಲು ಇಷ್ಟು ಸಾಕು. ಪರಾಗವೂ ಅಂಟಂಟಾಗಿ ಉದುರುವುದಿಲ್ಲ. ಆದ್ದರಿಂದ ನೀರನ್ನು ಗಿಡದ ಬೆಳಗಿನಲ್ಲಿ, ಅಂದರೆ ಲೈಟು ಹೊತ್ತಿದ ಮೇಲೆ ಹಾಕಿ. ಆರುವ ಮುಂಚಿನ ನಾಲ್ಕೈದು ಗಂಟೆ ಹಾಕಲೇಬೇಡಿ. ಲೈಟಿನ ಜೊತೆಗೇ ಎಕ್ಸಾಸ್ಟ್ ಫ್ಯಾನು ನಿಲ್ಲುವಂತೆ ಒಂದೇ ಟೈಮರಿಗೆ ಸಿಕ್ಕಿಸುವವರಿದ್ದಾರೆ, ಅದು ಬೇಡ. ಕತ್ತಲಾದ ಮೇಲೂ ಫ್ಯಾನು ನಿಧಾನವಾಗಿ ಓಡುತ್ತಲೇ ಇರಲಿ. ಒಳಗೆ ಬರುವ ಗಾಳಿಯನ್ನು ಕೋಣೆಯಿಂದಲೇ ತೆಗೆದುಕೊಳ್ಳಿ, ಹೊರಗಿನ ಮೈನಸ್ ಹದಿನೈದರ ಗಾಳಿ ಗಿಡಕ್ಕೆ ಸೋಕಬಾರದು.

ಕಾಂಕ್ರೀಟ್ ನೆಲದ ತಂಪನ್ನು ಮೀಟರ್ ತೋರಿಸುವುದಿಲ್ಲ, ಗಿಡ ತೋರಿಸುತ್ತದೆ. ಎಲೆಯ ಅಡಿಭಾಗ ನೇರಳೆಗೆ ತಿರುಗಿದರೆ ಬೇರಿಗೆ ಚಳಿ ಹತ್ತಿದೆಯೆಂದು ತಿಳಿಯಿರಿ. ತಣ್ಣನೆಯ ಬೇರು ಮಣ್ಣಿನಲ್ಲಿರುವ ರಂಜಕವನ್ನೂ ಎಳೆದುಕೊಳ್ಳಲಾರದು, ಇನ್ನಷ್ಟು ಗೊಬ್ಬರ ಸುರಿದು ಪ್ರಯೋಜನವಿಲ್ಲ. ಕುಂಡದಡಿ ಎರಡಿಂಚು ದಪ್ಪದ ಥರ್ಮಾಕೋಲ್ ಹಲಗೆ ಇಡಿ. ಹೀಟರ್ ಬೇಕೇಬೇಕೆಂದರೆ ಟೆಂಟಿನ ಹೊರಗೆ, ಬಟ್ಟೆಗೆ ತಾಗದಷ್ಟು ದೂರದಲ್ಲಿಡಿ. ಒಳಗಿಟ್ಟರೆ ಬೆಂಕಿಯ ಭಯ.

ಇನ್ನೊಂದು ಉಪಾಯ, ಟೆಂಟ್ ಗಿಡ್ಡವಿದ್ದವರಿಗೆ. ಹಗಲು–ಇರುಳಿನ ಅಂತರ ಹೆಚ್ಚಿದಷ್ಟೂ ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚಿ ಗಿಡ ಉದ್ದವಾಗುತ್ತದೆ. 1980ರ ದಶಕದಲ್ಲಿ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯವರು ಲಿಲ್ಲಿ ಗಿಡಗಳಲ್ಲಿ ಇದನ್ನು ತೋರಿಸಿದ ಮೇಲೆ ಗಾಜಿನಮನೆಯ ಬೆಳೆಗಾರರು ಲೈಟು ಹೊತ್ತುವ ಹೊತ್ತಿಗೆ ಒಂದೆರಡು ಗಂಟೆ ಮಾತ್ರ ತಂಪು ಮಾಡಿ ಗಿಡ ಕುಳ್ಳಗಿಡುವುದನ್ನು ಕಲಿತರು. ನಾನು ರಾತ್ರಿ 9ಕ್ಕೆ ಎಕ್ಸಾಸ್ಟನ್ನು ಜೋರು ಮಾಡಿ 11ಕ್ಕೆ ಇಳಿಸುತ್ತೇನೆ. ಹೂ ಕಾಣಿಸಿಕೊಂಡ ಮೇಲೆ ಈ ಆಟ ನಿಲ್ಲಿಸಿ.

ಮೇ ತಿಂಗಳ ವಿಕ್ಟೋರಿಯಾ ಡೇ ರಜೆ ಬಂತೆಂದು ಅಕ್ಕಪಕ್ಕದವರೆಲ್ಲ ಸಸಿ ಹೊರಗಿಡುತ್ತಾರೆ. ಐದು ಡಿಗ್ರಿ ಅಂತರಕ್ಕೆ ಒಗ್ಗಿದ ಗಿಡಕ್ಕೆ ಅಲ್ಲಿ ಒಮ್ಮೆಲೇ ಹದಿನೈದರ ಅಂತರ ಸಿಗುತ್ತದೆ. ಮೊದಲ ವಾರ ಹಗಲು ಮಾತ್ರ ಹೊರಗಿಡಿ, ಅದೂ ನೆರಳಲ್ಲಿ. ರಾತ್ರಿ 15ಕ್ಕಿಂತ ಕೆಳಗಿಳಿಯುವ ಮುನ್ಸೂಚನೆ ಇದ್ದರೆ ಕುಂಡ ಮನೆಯೊಳಗೆ. ಟೊಮೆಟೊಗೆ ಬೇಕಾದರೆ ಒಂದೆರಡು ಡಿಗ್ರಿ ರಿಯಾಯಿತಿ ಕೊಡಿ, ಬ್ಯಾಡಗಿಗೆ ಬೇಡ.