ಮುಕ್ತ ತಂತ್ರಾಂಶಕ್ಕೆ ಒಗ್ಗುವ ವಿನೈಲ್ ಕಟರ್: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಹೋಂಸ್ಟೇ ಫಲಕ, ಜೀಪಿನ ಗಾಜಿನ ಮೇಲಿನ ಹೆಸರು, ಕಾಫಿಪುಡಿ ಪೊಟ್ಟಣದ ಚೀಟಿ, 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಬೇಕಾಗುವ ಮನೆತನದ ಹೆಸರಿನ ಜೆರ್ಸಿಗಳು: ಕೊಡಗಿನಲ್ಲಿ ರೇಡಿಯಂ ಕಟಿಂಗ್, ಅಂದರೆ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಕೆಲಸಕ್ಕೆ ಬೇಡಿಕೆಯಿದೆ. ಸ್ವಂತಕ್ಕೊಂದು ಕತ್ತರಿಸುವ ಯಂತ್ರ (ವಿನೈಲ್ ಕಟರ್) ಇಟ್ಟುಕೊಳ್ಳಬೇಕೆಂದು ಹೊರಡುವವರು ಸಾಮಾನ್ಯವಾಗಿ ಬೆಲೆ ಎಷ್ಟು, ಅಗಲ ಎಷ್ಟು ಎಂದು ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ತಯಾರಕರ ತಂತ್ರಾಂಶವನ್ನು ಬದಿಗಿಟ್ಟರೂ ಈ ಯಂತ್ರ ಓಡುತ್ತದೆಯೇ?

ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶ ಸಾಕು. ಅದು ಉಚಿತ, ಮುಕ್ತ, ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನೂ ಸರಿಯಾಗಿ ಕೂಡಿಸುತ್ತದೆ. ಅಲ್ಲಿ ಬರೆದದ್ದು ಕಟರ್‌ಗೆ ತಲುಪಬೇಕಾದರೆ ಯಂತ್ರ ಎಚ್‌ಪಿಜಿಎಲ್ ಆದೇಶಗಳನ್ನು ಸ್ವೀಕರಿಸಬೇಕು. ಪೆನ್ನಿನಿಂದ ನಕ್ಷೆ ಬರೆಯುವ ಪ್ಲಾಟರ್‌ಗಳ ಕಾಲದಿಂದ ಬಳಕೆಯಲ್ಲಿರುವ ಈ ಭಾಷೆ ಒಂದು ಮಿಲಿಮೀಟರನ್ನು 40 ಭಾಗ ಮಾಡಿ ಅಳೆಯುತ್ತದೆ. ಸ್ಟಿಕರಿನ ಕೆಲಸಕ್ಕೆ ಅಷ್ಟು ಸೂಕ್ಷ್ಮತೆ ಧಾರಾಳ. ಯಂತ್ರಕ್ಕೆ ಈ ಭಾಷೆ ಬರುವುದಾದರೆ ಇಂಕ್‌ಸ್ಕೇಪ್‌ನ ಎಕ್ಸ್‌ಟೆನ್ಶನ್ಸ್ ಮೆನುವಿನ ‘ಪ್ಲಾಟ್’ ಮೂಲಕವೋ, ಇಂಕ್‌ಕಟ್ ಎಂಬ ಮತ್ತೊಂದು ಮುಕ್ತ ತಂತ್ರಾಂಶದ ಮೂಲಕವೋ ನೇರವಾಗಿ ಕತ್ತರಿಸಬಹುದು.

ಮಾರುಕಟ್ಟೆಯಲ್ಲಿ ಸಿಗುವ ಯಂತ್ರಗಳನ್ನು ಈ ದೃಷ್ಟಿಯಿಂದಲೇ ನೋಡಬೇಕು. ಕ್ರಿಕಟ್ ಕಂಪನಿಯ ಕಟರ್ ಅಂದವಾಗಿದೆ, ಕಲಿಯಲು ಸುಲಭ. ಆದರೆ ಅದು ಕಂಪನಿಯ ಖಾತೆ ಮತ್ತು ತಂತ್ರಾಂಶಕ್ಕೆ ಕಟ್ಟುಬಿದ್ದಿದೆ. ಚಂದಾ ಕಟ್ಟದವರು ತಿಂಗಳಿಗೆ 20 ವಿನ್ಯಾಸಗಳನ್ನಷ್ಟೇ ಏರಿಸಬಹುದೆಂದು ಆ ಕಂಪನಿ 2021ರಲ್ಲಿ ಪ್ರಕಟಿಸಿ, ಬಳಕೆದಾರರು ತಿರುಗಿಬಿದ್ದ ಮೇಲೆ ಹಿಂದೆ ಸರಿಯಿತು. ಮಳೆಗಾಲದಲ್ಲಿ ದಿನಗಟ್ಟಲೆ ನೆಟ್‌ವರ್ಕ್ ಕೈಕೊಡುವ ನಮ್ಮ ಊರುಗಳಿಗೆ ಇಂಥ ಅವಲಂಬನೆಯನ್ನು ನಾನು ಸಲಹೆ ಮಾಡಲಾರೆ. ಸಿಲ್ಹೌಟ್ ಕ್ಯಾಮಿಯೊ ಎಂಬ ಇನ್ನೊಂದು ಕಟರ್‌ನ ಉಚಿತ ತಂತ್ರಾಂಶ ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಕಡತವನ್ನು ತೆರೆಯುವುದಿಲ್ಲವಾದರೂ, ಇಂಕ್‌ಸ್ಕೇಪ್‌ನಿಂದಲೇ ಆ ಯಂತ್ರವನ್ನು ನಡೆಸುವ ಮುಕ್ತ ಎಕ್ಸ್‌ಟೆನ್ಶನ್ (ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ಲಭ್ಯವಿದೆ. ಚಿಕ್ಕ ಚೀಟಿ, ಜೆರ್ಸಿಗಳಿಗೆ ಅದು ತಕ್ಕದ್ದು. ಫಲಕ ಮತ್ತು ವಾಹನಗಳ ಕೆಲಸವಾದರೆ 24 ಇಂಚು ಅಗಲದ, ಕಾಲಿನ ಮೇಲೆ ನಿಲ್ಲುವ, ಎಚ್‌ಪಿಜಿಎಲ್ ಬಲ್ಲ ಸಾಮಾನ್ಯ ಕಟರ್ ಕೊಳ್ಳುವುದೇ ಲೇಸು.

ಅಗ್ಗದ ಕಟರ್‌ಗಳಲ್ಲಿ ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟಾರ್ ಇರುತ್ತದೆ. ಸರ್ವೋ ಮೋಟಾರಿನಷ್ಟು ವೇಗವಾಗಲಿ ಮೌನವಾಗಲಿ ಇಲ್ಲದಿದ್ದರೂ ಸಣ್ಣ ಅಂಗಡಿಗೆ ಅದು ಸಾಕು. ಬ್ಲೇಡ್ ಹೋಲ್ಡರ್ ರೋಲ್ಯಾಂಡ್ ಕಂಪನಿಯ ಮಾದರಿಯದೇ ಎಂದು ಕೇಳಿ ತಿಳಿದುಕೊಳ್ಳಿ. ಅದಕ್ಕೆ ಬ್ಲೇಡುಗಳು ಸುಲಭವಾಗಿ ಸಿಗುತ್ತವೆ. ಸಾಮಾನ್ಯ ವಿನೈಲಿಗೆ 45 ಡಿಗ್ರಿಯದು, ದಪ್ಪನೆಯ ಪ್ರತಿಫಲಕ ಹಾಳೆಗೆ 60 ಡಿಗ್ರಿಯದು ಬೇಕು. ಯುಎಸ್‌ಬಿ ತಂತಿ ಜೋಡಿಸಿದಾಗ ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟ್ (ಯಂತ್ರಕ್ಕೆ ಆದೇಶ ಕಳಿಸುವ ದಾರಿ) ಕಾಣಿಸಿಕೊಳ್ಳುತ್ತದೆಯೇ, ಯಂತ್ರದ ಬಾಡ್ ದರ, ಅಂದರೆ ದತ್ತಾಂಶ ಸಾಗುವ ವೇಗ ಎಷ್ಟು ಎಂಬುದನ್ನು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಬೇಕು. ಕಂಪ್ಯೂಟರ್, ಯಂತ್ರ ಎರಡೂ ಕಡೆ ದರ ಒಂದೇ ಇರದಿದ್ದರೆ ಬ್ಲೇಡು ಅಡ್ಡಾದಿಡ್ಡಿ ಓಡುತ್ತದೆ ಅಥವಾ ಕದಲುವುದೇ ಇಲ್ಲ.

ಇನ್ನು ಪರೀಕ್ಷೆ. ಮಾರಾಟಗಾರರು ತೋರಿಸುವ ಇಂಗ್ಲಿಷ್ ಅಕ್ಷರಗಳನ್ನು ನೋಡಿ ತೀರ್ಮಾನಿಸಬೇಡಿ. ನಿಮ್ಮ ಲ್ಯಾಪ್‌ಟಾಪ್ ಒಯ್ಯಿರಿ. ನೋಟೊ ಸ್ಯಾನ್ಸ್ ಕನ್ನಡದಂಥ ಮುಕ್ತ ಫಾಂಟಿನಲ್ಲಿ ‘ಗೋಣಿಕೊಪ್ಪಲು’ ಎಂದು ಎರಡು ಸೆಂಟಿಮೀಟರ್ ಎತ್ತರಕ್ಕೆ ಬರೆಯಿರಿ. ಅಕ್ಷರಗಳನ್ನು ಗೆರೆಗಳಾಗಿಸುವ ‘ಆಬ್ಜೆಕ್ಟ್ ಟು ಪಾತ್’ ಆದೇಶ ಕೊಟ್ಟು, ಗುಂಪು ಬಿಡಿಸಿ, ಎಲ್ಲವನ್ನೂ ಆಯ್ದು ‘ಯೂನಿಯನ್’ ಮಾಡಿ, ಅಂದರೆ ಒಂದೇ ಆಕಾರವಾಗಿ ಬೆಸೆಯಿರಿ. ಈ ಕೊನೆಯ ಹೆಜ್ಜೆಯನ್ನು ಬಿಡಲೇಬಾರದು: ಕನ್ನಡ ಫಾಂಟುಗಳಲ್ಲಿ ಮೂಲಾಕ್ಷರದ ಮೇಲೆ ಗುಣಿತದ ಚಿಹ್ನೆಯೋ ಒತ್ತೋ ಹಾಸಿಕೊಂಡಿದ್ದರೆ, ಎರಡರ ಅಂಚುಗಳನ್ನೂ ಬ್ಲೇಡು ಪ್ರತ್ಯೇಕವಾಗಿ ಕತ್ತರಿಸಿ, ಅಕ್ಷರ ಕೂಡುವ ಜಾಗದಲ್ಲೇ ತುಂಡಾಗುತ್ತದೆ.

ಕತ್ತರಿಸಿದ ಮೇಲೆ ಹೆಚ್ಚುವರಿ ವಿನೈಲನ್ನು ನಿಧಾನವಾಗಿ ಸುಲಿದು, ‘ಪ್ಪ’ದ ಒತ್ತನ್ನು ಹತ್ತಿರದಿಂದ ನೋಡಿ. ಸುತ್ತು ಪೂರ್ತಿ ಮುಚ್ಚಿಕೊಳ್ಳದೆ ಎಳೆ ಅಂಟಿಕೊಂಡಿದ್ದರೆ, ಮೂಲೆಗಳು ಉರುಟಾಗಿದ್ದರೆ, ಬ್ಲೇಡ್ ಆಫ್‌ಸೆಟ್ (ಬ್ಲೇಡಿನ ಮೊನೆಗೂ ಅದು ತಿರುಗುವ ಅಕ್ಷಕ್ಕೂ ಇರುವ ಅಂತರ) ಹೊಂದಿಸಬೇಕೆಂದು ಅರ್ಥ, 0.25 ಮಿಲಿಮೀಟರಿನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಬದಲಿಸಿ. ಹಿಂಬದಿಯ ಕಾಗದದಲ್ಲಿ ತೆಳು ಗೀರು ಮಾತ್ರ ಇರಬೇಕು, ಅದು ಸೀಳಿರಬಾರದು. ಬಳಿಕ ಎರಡು ಮೀಟರ್ ಉದ್ದದ ಆಯತವೊಂದನ್ನು ಕತ್ತರಿಸಿ. ಶುರುವಾದ ಬಿಂದುವಿಗೇ ಬ್ಲೇಡು ಮರಳದೆ ಹಾಳೆ ಓರೆಯಾಗಿ ಜಾರಿದ್ದರೆ, ಹಾಳೆಯನ್ನು ನೆಟ್ಟಗೆ ಕೂರಿಸಿ ಮತ್ತೊಮ್ಮೆ ನೋಡಿ. ಆಗಲೂ ಜಾರಿದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಯಂತ್ರ ಬೇಡ.

ಬಿಸಿ ಒತ್ತಿ ಬಟ್ಟೆಗೆ ಅಂಟಿಸುವ ಜೆರ್ಸಿಯ ಶಾಖ ವಿನೈಲಿಗೆ ಅಕ್ಷರಗಳನ್ನು ಕನ್ನಡಿಬಿಂಬವಾಗಿ ತಿರುಗಿಸಿ ಕತ್ತರಿಸಬೇಕು.

ಮಡಿಕೇರಿಯ ಮಳೆಗೆ ಹಿಂಬದಿಯ ಕಾಗದ ತೇವ ಹೀರಿ ಸುರುಳಿಗಟ್ಟುತ್ತದೆ, ಹಾಗೆ ಡೊಂಕಾದ ಹಾಳೆ ರೋಲರ್ ಅಡಿಯಲ್ಲಿ ನೇರ ಓಡುವುದಿಲ್ಲ; ಆದ್ದರಿಂದ ರೋಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆಲದಿಂದ ಮೇಲೆ, ನೆಟ್ಟಗೆ ನಿಲ್ಲಿಸಿಡಿ. ವಿದ್ಯುತ್ ಹೋದರೆ ಕಟರ್ ತಾನು ನಿಂತ ಜಾಗವನ್ನು ಮರೆಯುತ್ತದೆ, ಅರ್ಧ ಕತ್ತರಿಸಿದ ಹಾಳೆ ವ್ಯರ್ಥವಾಗುತ್ತದೆ. ಸ್ಟೆಪರ್ ಯಂತ್ರ ಎಳೆಯುವ ವಿದ್ಯುತ್ ಕಡಿಮೆಯಾದ್ದರಿಂದ ಕಂಪ್ಯೂಟರಿಗೆ ಬಳಸುವ ಸಾಧಾರಣ ಯುಪಿಎಸ್ ಸಾಕಾಗುತ್ತದೆ. ಅದರ ವೆಚ್ಚವನ್ನೂ ಯಂತ್ರದ ಬೆಲೆಯೊಂದಿಗೇ ಲೆಕ್ಕಕ್ಕೆ ಹಿಡಿಯಿರಿ.